ಮುಚ್ಚಳದ ಒಳಗಿನ ಗೀರು

ಸುಲ್ತಾನ್ ಬಜಾರಿನಲ್ಲಿ ಇನ್ನೂ ಒಂದು ಶಟರೂ ಎದ್ದಿಲ್ಲ. ಸೀರೆ ಅಂಗಡಿಯೊಂದರ ಮೆಟ್ಟಿಲ ಮೇಲೆ, ಮೊಣಕಾಲೆತ್ತರದ ಗಾಜಿನ ಮೇಜಿನ ಹಿಂದೆ ಅಮರಯ್ಯ ಬಗ್ಗಿ ಕೂತಿದ್ದಾರೆ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿದ್ದಾರೆ. ಎದುರಿಗೆ ಹಿಂಬದಿಯ ಮುಚ್ಚಳ ತೆಗೆದ ಕೈಗಡಿಯಾರವಿದೆ. ಚಿಮುಟ ಬದಲಿಸುವಾಗಲೆಲ್ಲ ಅದರ ಮೇಲೆ ಚಹಾ ಕುಡಿಯುವ ಗಾಜಿನ ಲೋಟವನ್ನು ಬೋರಲು ಹಾಕುತ್ತಾರೆ. ಪೌರಕಾರ್ಮಿಕರು ಪೊರಕೆ ಹಿಡಿದು ಈ ಓಣಿಗೆ ಬರುವ ಮೊದಲು ಕೆಲಸ ಮುಗಿಯಬೇಕು. ಆಮೇಲೆ ಏಳುವ ದೂಳು ಬೇಗ ಕೂರುವುದಿಲ್ಲ. ಆದ್ದರಿಂದ ಯಂತ್ರ ಬಿಚ್ಚುವ ಕೆಲಸವನ್ನೆಲ್ಲ ಅವರು ಬೆಳಕು ಹರಿಯುವ ಹೊತ್ತಿಗೇ ಇಟ್ಟುಕೊಂಡಿದ್ದಾರೆ. ಸೆಲ್ ಬದಲಿಸುವುದು, ಪಟ್ಟಿ ಹಾಕುವುದು ಇಡೀ ದಿನ ನಡೆಯುತ್ತದೆ.

"ರಾತ್ರಿ ನಿದ್ದಿ ಹತ್ತಲಿಲ್ಲರಿ," ಎನ್ನುತ್ತಾರೆ ತಲೆ ಎತ್ತದೆ. "ಆದ್ರೂ ಬಂದೀನಿ. ಭಾನುವಾರದ ತನಕ ಜಾಗಾ ನಂದ ಐತಲ್ಲ."

ಭಾನುವಾರದೊಳಗೆ ಮೆಟ್ಟಿಲು ಖಾಲಿ ಮಾಡಬೇಕೆಂದು ಅಂಗಡಿಯ ಮಾಲೀಕ ದಿನೇಶ ಹೇಳಿದ್ದಾರೆ. ಇವತ್ತು ಶುಕ್ರವಾರ.

ಅಮರಯ್ಯ ಲಿಂಗಸುಗೂರು ಕಡೆಯವರು. ಕಟ್ಟಡದ ಕೆಲಸಕ್ಕೆ ಹೊರಟವರ ಜೊತೆ ಹುಡುಗುವಯಸ್ಸಿನಲ್ಲಿ ಹೈದರಾಬಾದಿಗೆ ಬಂದರು. ಇಟ್ಟಿಗೆ ಹೊತ್ತು ಬೆನ್ನು ಹಿಡಿದಾಗ, ಈ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರು ಕೂತು ಮಾಡುವ ಕೆಲಸ ಕಲಿಸಿದರು. ಈಗ ಅರವತ್ತು ದಾಟಿದೆ. ಕೂತು ಕೂತು ಬೆನ್ನು ಮತ್ತೆ ಹಿಡಿದಿದೆ. ಜೀಡಿಮೆಟ್ಲಾದ ಒಂದು ಕೋಣೆಯ ಮನೆಯಿಂದ ಮೊದಲ ಬಸ್ಸು ಹಿಡಿದು ಬರುತ್ತಾರೆ. ಹೆಂಡತಿ ಗುರುದೇವಿ ಅಲ್ಲೇ ಔಷಧ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾರೆ. ಹತ್ತು ಹನ್ನೆರಡು ಗಡಿಯಾರ ಬಂದರೆ ಒಳ್ಳೆಯ ದಿನ. ಹೆಚ್ಚಿನ ದಿನಗಳು ಒಳ್ಳೆಯವಲ್ಲ. ಹೊತ್ತು ನೋಡಲು ಜನರ ಕೈಯಲ್ಲಿ ಮೊಬೈಲ್ ಇದೆ.

ಅದೇ ಮೊಬೈಲಿನ ವಿಡಿಯೊ ನೋಡಿ ದುಬಾರಿ ಗಡಿಯಾರದ ಹಿಂಬದಿಯನ್ನು ಮನೆಯಲ್ಲೇ ತೆಗೆಯುವವರು ಈಚೆಗೆ ಹೆಚ್ಚಾಗಿದ್ದಾರೆ. ಕೆಲವರು ಮುಚ್ಚಲಾಗದೆ ಕರವಸ್ತ್ರದಲ್ಲಿ ಸುತ್ತಿ ತರುತ್ತಾರೆ. ಇನ್ನು ಕೆಲವರು ತೆಗೆಯುವ ಮೊದಲೇ ಬಂದು, ನಾವೇ ತೆಗೆಯಬಹುದಾ ಎಂದು ಕೇಳುತ್ತಾರೆ. ಬೇಡ ಎಂಬ ಉತ್ತರ ನಿರೀಕ್ಷಿಸಿ ಬಂದವರಿಗೆ ನಿರಾಶೆಯಾಗುತ್ತದೆ.

"ತೆಗೀರಿ, ನಿಮ್ಮದ ಐತಿ, ನಾ ಯಾರು ಬ್ಯಾಡ ಅನ್ನಾಕ? ಫ್ಯಾನ್ ಬಂದ್ ಮಾಡ್ರಿ. ಬೆವತ ಬಟ್ಟು ಒಳಗ ಹಚ್ಚಬ್ಯಾಡ್ರಿ. ಅಂಚಿನಾಗ ಕೂದಲೆಳಿಯಂಥಾ ರಬ್ಬರ್ ಉಂಗುರ ಇರತೈತಿ, ಅದು ಚೂರು ಹೊಳ್ಳಿತಂದ್ರ ಕೈ ತೊಳಿಯುವಾಗ ನೀರು ಹೋಗತೈತಿ. ಚಾಕು ಜಾರಿದ್ರ ಹಿಂಗಾಗತೈತಿ." ಎಡಗೈ ಹೆಬ್ಬೆರಳು ತೋರಿಸುತ್ತಾರೆ. ಉಗುರಿನಿಂದ ಬುಡದವರೆಗೆ ಮಾಗಿದ ಗಾಯದ ಬಿಳಿ ಗೆರೆ. "ಇದು ಕಲಿಯುವಾಗಿಂದಲ್ಲರಿ. ಹ್ವಾದ ವರ್ಷದ್ದು."

ಮೆಟ್ಟಿಲು ಬಿಡುವ ಹೊತ್ತು ಬಂದದ್ದೂ ಅಂಥದೊಂದು ಗಡಿಯಾರದಿಂದ.

ರಿಪೇರಿಯವರಲ್ಲಿ ಒಂದು ರೂಢಿಯಿದೆ. ಕೆಲಸ ಮುಗಿದ ಮೇಲೆ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಮ್ಮ ಗುರುತನ್ನು ಗೀರುತ್ತಾರೆ. ಅದೇ ಗಡಿಯಾರ ಮತ್ತೆ ಬಂದರೆ ತಾವು ಮುಟ್ಟಿದ್ದು ಹೌದೋ ಅಲ್ಲವೋ ತಿಳಿಯಲೆಂದು. ತೊಟ್ಟವರಿಗೆ ಅದು ಕಾಣುವುದಿಲ್ಲ. ಅಮರಯ್ಯನವರದು ಎರಡು ಓರೆ ಗೆರೆ, ಪಕ್ಕದಲ್ಲಿ ತಿಂಗಳ ಅಂಕಿ. "ಇವರಿಗೆ ಹೆಸರು ಬರಿಯಾಕ ಮಂದಿ ಗಡಿಯಾರನ ಬೇಕು" ಎಂದು ಗುರುದೇವಿ ಆಡಿಕೊಳ್ಳುತ್ತಾರೆ.

ರೋಹಿತ ಮೈಸೂರಿನವನು. ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತಾನೆ. ಅಕ್ಕನ ಗಂಡ ವಿನಾಯಕ ದುಬೈನಿಂದ ತಂದುಕೊಟ್ಟ ಸ್ವಿಸ್ ಗಡಿಯಾರದ ಒಳಗೇನಿದೆ ನೋಡಬೇಕೆನಿಸಿ ಮನೆಯಲ್ಲೇ ಮುಚ್ಚಳ ತೆಗೆದಿದ್ದ. ನೋಡಿಯಾದ ಮೇಲೆ ಎಷ್ಟು ಒತ್ತಿದರೂ ಅದು ಕೂರಲಿಲ್ಲ. ಅಮರಯ್ಯನವರ ಬಳಿ ತಂದ. "ಚಂದ ತೆಗೆದಿದ್ದ ಹುಡುಗ. ಒಂದು ಗೀರಿಲ್ಲ, ಒಂದು ಎಳಿ ದೂಳಿಲ್ಲ," ಎಂದು ಅವರು ಈಗಲೂ ಹೇಳುತ್ತಾರೆ. ಮುಚ್ಚುವುದಷ್ಟೇ ಕೆಲಸವಾಗಿತ್ತು. ಮರದ ಅಚ್ಚಿನಲ್ಲಿಟ್ಟು ಒತ್ತಿದರು. ಆದರೆ ಒತ್ತುವ ಮೊದಲು, ಕೈಗೆ ಹತ್ತಿದ ಚಾಳಿಯಿಂದ, ಸೂಜಿ ಎತ್ತಿ ಎರಡು ಓರೆ ಗೆರೆ ಎಳೆದು ಅಂಕಿ ಗೀರಿಬಿಟ್ಟರು.

ಸ್ವಲ್ಪ ದಿನಕ್ಕೆ ಗಡಿಯಾರ ಹಿಂದೆ ಬೀಳತೊಡಗಿತು. ಗ್ಯಾರಂಟಿ ಇನ್ನೂ ಮುಗಿದಿರಲಿಲ್ಲ. ಸರ್ವೀಸ್ ಸೆಂಟರಿನವರು ಮುಚ್ಚಳ ತೆಗೆದು, ಗೀರು ನೋಡಿ, ಹೊರಗಿನವರ ಕೈ ಬಿದ್ದಿದೆ, ಗ್ಯಾರಂಟಿ ನಡೆಯುವುದಿಲ್ಲ ಎಂದು ಹಿಂತಿರುಗಿಸಿದರು. ಕಳೆದ ವಾರ ವಿನಾಯಕ ಸಿಟ್ಟಿನಿಂದ ಬಂದು ಮೆಟ್ಟಿಲ ಮುಂದೆ ನಿಂತ. ಹಿಂದೆ ರೋಹಿತ, ಮುಖ ತಗ್ಗಿಸಿ.

"ಈ ಗೀರು ನಿಮ್ಮದೇನ್ರೀ?"

ಸೀರೆ ನೋಡಲು ಬಂದ ಹೆಂಗಸರು ತಿರುಗಿ ನಿಂತರು. ದಿನೇಶ ಗಲ್ಲಾ ಬಿಟ್ಟೆದ್ದು ಬಂದು ಅಮರಯ್ಯನವರ ಕಿವಿಯಲ್ಲಿ, "ನಂದಲ್ಲ ಅಂದ್ಬಿಡು ಕಾಕಾ, ಕಿಸ್ಸಾ ಖತಂ. ಇರಿವಿ ಕಾಲಿನಂಥಾ ಗೀರು, ಯಾರಿಗೆ ಓದಾಕ ಬರತೈತಿ?" ಎಂದರು. ಅವರ ತಾಯಿಯ ತವರು ರಾಯಚೂರು, ಕನ್ನಡ ಚೆನ್ನಾಗಿ ಬರುತ್ತದೆ.

"ನಂದ ಐತ್ರಿ," ಎಂದರು ಅಮರಯ್ಯ. "ಮುಚ್ಚೀನಿ. ನಾ ತೆಗೆದಿಲ್ಲ."

"ತೆಗೀದೆ ಒಳಗಡೆ ಹೆಂಗ್ರೀ ಗೀಚಿದ್ರಿ? ಮಂತ್ರ ಹಾಕಿದ್ರಾ?" ವಿನಾಯಕನ ಪ್ರಶ್ನೆಗೆ ನಿಂತವರು ನಕ್ಕರು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಗೊತ್ತಿದ್ದವನು ರೋಹಿತ. ತಾನೇ ತೆಗೆದದ್ದೆಂದು ಅವನು ಭಾವನಿಗೆ ಹೇಳಿಯೇ ಇಲ್ಲವೆಂದು ಅಮರಯ್ಯನವರಿಗೆ ಆಗ ಅರ್ಥವಾಯಿತು. ಅವರೂ ಹೇಳಲಿಲ್ಲ. ಯಾಕೆಂದು ಕೇಳಿದರೆ ಭುಜ ಕುಣಿಸುತ್ತಾರೆ. "ಅಕ್ಕನ ಮನಿ ವ್ಯವಹಾರ. ನಾ ಬಾಯಿ ಹಾಕಿದ್ರ ಅಲ್ಲೇನರ ಆಗತೈತಿ."

ಜಗಳ ಮುಗಿಯುವಷ್ಟರಲ್ಲಿ ಸೀರೆ ನೋಡಲು ಬಂದವರು ಮುಂದಿನ ಅಂಗಡಿಗೆ ಹೋಗಿದ್ದರು. ಭಾವ-ಮೈದುನರನ್ನು ಸಮಾಧಾನ ಮಾಡಬೇಕು, ಇಲ್ಲವೇ ಮೇಜು ಎತ್ತಬೇಕು ಎಂದು ದಿನೇಶ ಅವತ್ತೇ ಹೇಳಿದರು.

ಪೊರಕೆಯ ಸದ್ದು ಓಣಿಯ ತುದಿಯಲ್ಲಿ ಕೇಳುತ್ತಿರುವಾಗ ರೋಹಿತ ಒಬ್ಬನೇ ಬರುತ್ತಾನೆ. ಜೇಬಿನಿಂದ ಗಡಿಯಾರ ತೆಗೆದು ಮೇಜಿನ ಮೇಲಿಡುತ್ತಾನೆ.

"ಅಂಕಲ್, ಆ ಗೀರು ಉಜ್ಜಿ ತೆಗ್ದುಬಿಡಿ. ಬೆಂಗ್ಳೂರಲ್ಲಿ ಇನ್ನೊಂದು ಸರ್ವೀಸ್ ಸೆಂಟರ್ ಇದೆ, ಅಲ್ಲಿ ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ. ದಿನೇಶ್ ಅವರಿಗೂ ನಾನೇ ಹೇಳ್ತೀನಿ, ಎಲ್ಲಾ ಸರಿಹೋಯ್ತು ಅಂತ. ನೀವು ಇಲ್ಲೇ ಇರ್ಬೋದು."

ಅಮರಯ್ಯ ಗಡಿಯಾರವನ್ನು ಮಗುಚಿ ನೋಡುತ್ತಾರೆ. ಕೆಲಸವೇನೂ ದೊಡ್ಡದಲ್ಲ. ಮುಚ್ಚಳ ತೆಗೆದು ಹೊಳಪಿನ ಪುಡಿ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಗೆರೆಯೂ ಅಂಕಿಯೂ ಇಲ್ಲವಾಗುತ್ತವೆ. ಮೆಟ್ಟಿಲು ಉಳಿಯುತ್ತದೆ.

"ಹಿಂದ ಯಾಕ ಬೀಳಾಕತ್ತೈತಿ ಅಂತ ಅವರು ಕೇಳಿದ್ರ?"

"ಗೊತ್ತಿಲ್ಲ ಅಂತೀನಿ."

"ನೀ ತೆಗೆದದ್ದಕ್ಕ ಹಂಗಾತೋ, ನಾ ಒತ್ತಿದ್ದಕ್ಕ ಆತೋ, ತಾನ ಕೆಟ್ಟತೋ, ನನಗೂ ಗೊತ್ತಿಲ್ಲ. ಆದ್ರ ತೆಗೆದೈತಿ ಅನ್ನೂದು ಗೊತ್ತೈತಲ್ಲ, ತಮ್ಮಾ. ಬಿಚ್ಚಿ ನೋಡೋ ಆ ಮನಿಷ್ಯಾಗೂ ಅದು ಗೊತ್ತಾಗಬೇಕು."

"ಆ ಗೀರು ಹಾಕಿದ್ದೇ ತಪ್ಪು ಅಲ್ವಾ ಅಂಕಲ್?"

"ತಪ್ಪ. ಹೊಸಾ ಗಡಿಯಾರದಾಗ ನಾ ಗೀರಬಾರದಿತ್ತು, ನಿನ್ನ ಕೇಳಬೇಕಿತ್ತು. ಅದಕ್ಕ ನಿಮ್ಮ ಭಾವನ ಮುಂದ ಬಂದು ಇನ್ನೊಮ್ಮಿ ಬೈಸ್ಕೋತೀನಿ. ಸೆಂಟರಿಗೆ ಬಾ ಅಂದ್ರ ಅಲ್ಲೂ ಬಂದು, ಮುಚ್ಚಿದಾವ ನಾನ ಅಂತೀನಿ. ಆದ್ರ ತೆಗೆದಾವ ಯಾರು ಅಂತ ನೀ ಹೇಳಬೇಕಾಗತೈತಿ."

"ಅಕ್ಕಂಗೆ ತೊಂದ್ರೆ ಆಗುತ್ತೆ ಅಂಕಲ್. ಭಾವ ಇದನ್ನೇ ಹಿಡ್ಕೊಂಡು ಅವ್ಳನ್ನ ಚುಚ್ತಾರೆ," ಎಂದು ರೋಹಿತ ಹೇಳುತ್ತಾನೆ. ಅದು ಸುಳ್ಳಿರಲಾರದು. ಅಮರಯ್ಯ ಒತ್ತಾಯ ಮಾಡುವುದಿಲ್ಲ. ಗಡಿಯಾರವನ್ನು ಕರವಸ್ತ್ರದಲ್ಲಿ ಒರೆಸಿ ಅವನ ಅಂಗೈಯಲ್ಲಿಡುತ್ತಾರೆ. ಅವನು ಹೋಗುತ್ತಾನೆ. ಮೇಜಿನ ಮೇಲೆ ಆಗಲೇ ತೆಳ್ಳಗೆ ದೂಳು ಕೂತಿದೆ.

ದಿನೇಶ ಬಂದು ಶಟರ್ ಎತ್ತುತ್ತಾ ಕೇಳುತ್ತಾರೆ, "ಹುಡುಗ ಹೋಗೋದು ನೋಡಿದೆ. ರಾಜಿ ಆತಾ ಕಾಕಾ?"

"ಇಲ್ಲ. ಗೀರು ಉಜ್ಜಿ ತೆಗಿ ಅಂದ, ಆಗೂದಿಲ್ಲ ಅಂದೆ."

"ಅವ ಅಂದಂಗ ಮಾಡಿದ್ರ ನಿನ್ನ ಗಂಟೇನು ಹೋಗತಿತ್ತು? ಭಾಳ ಹಟ ಐತಿ ನಿಂಗ."

"ಹಟ ಅಲ್ಲೋ ಮಾರಾಯಾ, ಸಾಕಾಗೈತಿ. ಸುಳ್ಳ ಹೇಳಿದ್ರ ಅದನ್ನ ನೆಪ್ಪ ಇಟ್ಕೊಂಡು ತಿರಗಬೇಕು. ಈ ವಯಸ್ಸಿನಾಗ ಯಾರಿಂದ ಆಗತೈತಿ?"

ದಿನೇಶ ನಗುವುದಿಲ್ಲ. ಮಾತನ್ನು ಹಿಂತೆಗೆದುಕೊಳ್ಳುವುದೂ ಇಲ್ಲ. ಭಾನುವಾರ ಮೇಜು ಸಾಗಿಸಲು ಅಂಗಡಿಯ ಇಬ್ಬರನ್ನು ಕಳಿಸುವುದಾಗಿ ಹೇಳಿ ಒಳಗೆ ಹೋಗುತ್ತಾರೆ.

ಎಲ್ಲಿಗೆ ಸಾಗಿಸುವುದೆಂದು ಇನ್ನೂ ಗೊತ್ತಾಗಿಲ್ಲ. ಹಿಂದಿನ ಓಣಿಯಲ್ಲಿ ಮುಚ್ಚಿದ ಅಂಗಡಿಯೊಂದರ ಕಟ್ಟೆಯಿದೆ, ಅದರ ಯಜಮಾನ ಊರಲ್ಲಿಲ್ಲ. ಅವನನ್ನು ಕಂಡು ಕೇಳಬೇಕು. ಅಮರಯ್ಯ ಮೊದಲ ಗಿರಾಕಿಯ ಗಡಿಯಾರಕ್ಕೆ ಸೆಲ್ ಹಾಕಿ, ಮುಳ್ಳು ಸರಿಯಾಗಿ ಓಡುವುದನ್ನು ನೋಡಿ, ಕಣ್ಣಿನ ಗಾಜು ಬಿಚ್ಚಿಡುತ್ತಾರೆ. ಕಣ್ಣ ಸುತ್ತ ಕೆಂಪು ಬಳೆ ಎದ್ದಿದೆ.

"ದೊಡ್ಡ ಜಾಗಾ ಬ್ಯಾಡ್ರಿ," ಎನ್ನುತ್ತಾರೆ ಅದನ್ನು ಉಜ್ಜಿಕೊಳ್ಳುತ್ತಾ. "ಬಾಜೂಕ ಮಿರ್ಚಿ ಬಜ್ಜಿ ಬಂಡಿ ಇರಬಾರದು, ಅಷ್ಟ. ಎಣ್ಣಿ ಹೊಗಿ ಗಡಿಯಾರದಾಗ ಹೋಗತೈತಿ."