ಹಳ್ಳದಾಚೆಯಿಂದ ಬಂದವಳು

ದೆವ್ವ ಬಡಿದಿದೆ ಎಂದು ನನ್ನ ಮುಂದೆ ತಂದು ಕೂರಿಸಿದ ಎಷ್ಟೋ ಹೆಣ್ಣುಮಕ್ಕಳಿಗೆ ನಾನು ರಕ್ತ ಹೆಚ್ಚುವ ಔಷಧ ಕೊಟ್ಟು ಕಳಿಸಿದ್ದೇನೆ. ಕ್ರೈಸ್ತ ಮನೆಯಲ್ಲಿ ಹುಟ್ಟಿ ನರ್ಸ್ ಕೆಲಸ ಕಲಿತವಳು ನಾನು. ದೆವ್ವ, ಗಾಳಿ, ಶಕುನ ಯಾವುದನ್ನೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ. ನಡೆದದ್ದನ್ನು ನಡೆಯಲಿಲ್ಲ ಎನ್ನಲು ನಾನು ತಯಾರಿಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ಹುಕ್ಕೇರಿಯ ದವಾಖಾನೆಯಲ್ಲಿದ್ದೆ. ಯಜಮಾನರಿಗೆ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಆ ಬೇಸಿಗೆ ಸುತ್ತಲಿನ ಹಳ್ಳಿಗಳಲ್ಲಿ ಸಿಡುಬು ಎದ್ದಿತ್ತು.

ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಬೀಸುಕಲ್ಲು ಕಟೆದುಕೊಡುತ್ತ ಊರೂರು ತಿರುಗುವವರ ಪೈಕಿ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಗದ್ದದ ಮೇಲೆ ಹಚ್ಚೆಯ ಚುಕ್ಕೆಗಳು. ಎಡಗೈಯ ಕಿರುಬೆರಳು ಅರ್ಧಕ್ಕೇ ತುಂಡಾಗಿತ್ತು. ಕಾಲ ತುಂಬ ಧೂಳು, ಹಿಮ್ಮಡಿ ಒಡೆದಿತ್ತು. ಹಳ್ಳದಾಚೆ ಸುಣ್ಣದ ಭಟ್ಟಿಯ ಹಳೆಯ ಛಪ್ಪರದಲ್ಲಿ ಒಬ್ಬಾಕೆ ಬಿದ್ದಿದ್ದಾಳೆ, ಜೊತೆಯವರು ಬಿಟ್ಟುಹೋಗಿದ್ದಾರೆ, ಬರಬೇಕು ಎಂದಳು. ಅತ್ತೆ ಅವಳಿಗೆ ನೀರು ತಂದರು. ಬೊಗಸೆಗೆ ಮೇಲಿನಿಂದ ಹುಯ್ಯುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ತಂಬಿಗೆಯನ್ನೇ ಕೈಗೆ ಕೊಟ್ಟರು. ಅವಳು ಉಸಿರು ಬಿಡದೆ ಕುಡಿದಳು. ನಾನು ಒಳಗೆ ಹೋಗಿ ಔಷಧದ ಚೀಲ ತರುವಷ್ಟರಲ್ಲಿ ಹೊರಟುಹೋಗಿದ್ದಳು. ಮುಂದೆ ನಡೆದಿರಬೇಕೆಂದು ನಾನೂ ಹೊರಟೆ. ದಾರಿಯುದ್ದಕ್ಕೂ ಅವಳು ಕಾಣಲಿಲ್ಲ.

ಛಪ್ಪರದಿಂದ ದೂರಕ್ಕೆ ನಾಲ್ಕಾರು ಗಂಡಸರು ನಿಂತಿದ್ದರು. ಒಳಗಿನ ಹೆಂಗಸಿಗೆ ಸಿಡುಬು, ಹತ್ತಿರ ಹೋಗಬೇಡಿ ಎಂದರು. ಎರಡು ಮೂರು ದಿನಗಳಿಂದ ಊರಿಗೆಲ್ಲ ಗೊತ್ತಿತ್ತಂತೆ. ಅವಳು ತೆವಳಿಕೊಂಡು ಊರೊಳಗೆ ಬಂದಾಳೆಂದು ಕಾವಲು ನಿಂತಿದ್ದರು. ಬಾಯಿಗೆ ನೀರು ಹಾಕಲು ಒಬ್ಬರೂ ಹೋಗಿರಲಿಲ್ಲ.

ನಾನು ಒಳಗೆ ಹೋದೆ. ಮೈತುಂಬ ಗುಳ್ಳೆ, ಕಣ್ಣುಗಳು ಬಾತು ಮುಚ್ಚಿಹೋಗಿದ್ದವು. ಒರೆಸಲೆಂದು ಮುಖ ಎತ್ತಿದಾಗ ಗದ್ದದ ಮೇಲಿನ ಹಚ್ಚೆ ಕಂಡಿತು. ಎಡಗೈ ನೋಡಿದೆ. ಕಿರುಬೆರಳು ಅರ್ಧವೇ ಇತ್ತು.

ಹೊರಗೆ ಬಂದು, ಇಲ್ಲಿಂದ ಯಾರಾದರೂ ಎದ್ದು ಊರ ಕಡೆ ಹೋದರೇ ಎಂದು ಆ ಗಂಡಸರನ್ನು ಕೇಳಿದೆ. ಬೆಳಗಿನಿಂದ ಒಂದು ನಾಯಿ ಕೂಡ ಹೋಗಿಲ್ಲ ಎಂದರು.

ರೋಗಿಯನ್ನು ಊರೊಳಗೆ ತರಬಾರದೆಂಬ ಮಾತು ನನಗೂ ಒಪ್ಪಿಗೆಯಿತ್ತು. ಸಾಯಲು ಬಿಡುವುದು ಒಪ್ಪಿಗೆಯಿರಲಿಲ್ಲ. ನಾನು ಸಿಡುಬಿಗೆ ಲಸಿಕೆ ಚುಚ್ಚಿಸಿಕೊಂಡಿದ್ದವಳು, ಅಲ್ಲೇ ಉಳಿದೆ. ಅತ್ತೆ ರೊಟ್ಟಿ, ಗಂಜಿ, ನೀರು ತಂದು ಹಳ್ಳದ ದಂಡೆಯ ಮೇಲಿಟ್ಟು ಹೋಗುತ್ತಿದ್ದರು. ಶನಿವಾರ ಯಜಮಾನರು ಬಂದರು. ಬೈಯುತ್ತಾರೆಂದುಕೊಂಡಿದ್ದೆ, ಛಪ್ಪರಕ್ಕೆ ಹೊದಿಸಲು ಗೋಣಿತಟ್ಟು ತಂದಿದ್ದರು.

ಬೈಯಲು ಬಂದವರು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು. ದಂಡೆಯ ಮೇಲೆ ನಿಂತೇ ಮಾತಾಡಿದರು. "ಈ ಊರಾಗ ನಾವು ನಾಕ ಮನಿಯವರು. ಮಂದಿ ಸಿಟ್ಟಿಗೆದ್ರ ಎಲ್ಲಿ ಹೋಗೂದವ್ವಾ? ಆಕಿ ನಮ್ಮಾಕಿನೂ ಅಲ್ಲ. ಎದ್ದು ಬಾ. ಇಲ್ಲಂದ್ರ ಇನ್ನ ಆಯ್ತವಾರ ಗುಡಿಗೆ ಬರಬ್ಯಾಡ."

"ಕಾಕಾ, ನಮ್ಮಾಕಿ ಹೌದೋ ಅಲ್ಲೋ ಕೇಳಿ ನೀರು ಕೊಡ್ರಿ ಅಂತ ಯೇಸು ಎಲ್ಲೂ ಹೇಳಿಲ್ರಿ," ಎಂದೆ. "ಗುಡಿ ಬಾಗಲಾ ಹಾಕ್ಕೊಳ್ಳೂದಿದ್ರ ಹಾಕ್ಕೋರಿ. ನಾ ಇಲ್ಲಿಂದ ಏಳಂಗಿಲ್ಲ."

ಅವರು ತಿರುಗಿ ಹೋದರು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಉದುರುವ ತನಕ ನಾನು ಎದ್ದು ಬರಲಿಲ್ಲ.

ಅವಳು ಉಳಿದಳು, ಒಂದು ಕಣ್ಣು ಹೋಯಿತು. ಹೆಸರು ದುರ್ಗವ್ವ. ಮಾತಾಡುವಷ್ಟು ಶಕ್ತಿ ಬಂದ ಮೇಲೆ ಕೇಳಿದೆ: ಅಕ್ಕತಂಗಿಯರು ಯಾರಾದರೂ ಇದ್ದಾರೆಯೇ? ಯಾರೂ ಇಲ್ಲ. ನಮ್ಮ ಮನೆ ಗೊತ್ತಿತ್ತೇ? ಹುಕ್ಕೇರಿಯೊಳಗೆ ಅವಳು ಕಾಲೇ ಇಟ್ಟಿರಲಿಲ್ಲ. ಆಮೇಲೆ ತಾನಾಗಿಯೇ ಹೇಳಿದಳು: "ಜ್ವರದಾಗ ಒಮ್ಮೆ ಯಾರೋ ಮುದುಕವ್ವ ತಂಬಗಿ ತಂದು ಕೈಯಾಗ ಕೊಟ್ಲರಿ. ಅಷ್ಟು ತಣ್ಣನ್ನ ನೀರು ನಾ ಎಂದೂ ಕುಡದಿದ್ದಿಲ್ಲ." ಇದನ್ನು ತಿಳಿಸಿದಾಗ ಅತ್ತೆ ಒಲೆಯ ಮುಂದೆ ಹಾಗೇ ಕೂತುಬಿಟ್ಟರು.

ದುರ್ಗವ್ವ ನಮ್ಮ ಹಿತ್ತಲ ಕೋಣೆಯಲ್ಲೇ ನೆಲೆಸಿದಳು. ಔಷಧ ಕೊಟ್ಟು ಜಾತಿ ಕೆಡಿಸಿದಳೆಂದು ಊರವರು ಅಂದರು. ಇಷ್ಟೆಲ್ಲ ಮಾಡಿ ಅವಳಿಗೆ ದೀಕ್ಷಾಸ್ನಾನ ಯಾಕೆ ಕೊಡಿಸಲಿಲ್ಲವೆಂದು ನಮ್ಮವರು ಕೇಳಿದರು. ಅವಳು ತನ್ನ ದೇವರಿಗೆ ಕೈಮುಗಿದುಕೊಂಡೇ ಇದ್ದಳು. ನಾನು ಬೇಡವೆನ್ನಲಿಲ್ಲ, ಬದಲಾಗೆಂದು ಕೇಳಲೂ ಇಲ್ಲ. ನೀರು ಕೊಟ್ಟದ್ದಕ್ಕೆ ಬೆಲೆ ಕೇಳುವವಳು ನಾನಲ್ಲ.

ನಡೆದದ್ದಕ್ಕೆ ಅರ್ಥ ಹೇಳಲು ಬಂದವರನ್ನೂ ನಾನು ಒಪ್ಪಲಿಲ್ಲ. ಬಿಸಿಲಿನ ಭ್ರಮೆ ಎಂದರು ದವಾಖಾನೆಯ ಡಾಕ್ಟರು. ಭ್ರಮೆಯಾದರೆ ಅತ್ತೆಗೂ ನನಗೂ ಒಂದೇ ಆದದ್ದು ಹೇಗೆ? ದೇವದೂತ ಎಂದರು ಪಾದ್ರಿಗಳು. ದೇವದೂತನ ಹಿಮ್ಮಡಿ ಅಷ್ಟು ಒಡೆದಿರುತ್ತದೆಯೇ ಎಂದು ಕೇಳಿದೆ, ಅವರಿಗೆ ಬೇಸರವಾಯಿತು. ದೇವರು ತನ್ನ ದೂತನನ್ನು ಕಳಿಸಿದ ಮೇಲೇ ನಾವು ಹೋಗಬೇಕೆಂದಿದ್ದರೆ ಕ್ರೈಸ್ತರೆನ್ನಿಸಿಕೊಳ್ಳುವುದು ಯಾತಕ್ಕೆ?

ಒಂದು ದಿನ ದುರ್ಗವ್ವನನ್ನೇ ಕೇಳಿದೆ, ಅವತ್ತು ನನ್ನ ಬಾಗಿಲಿಗೆ ಬಂದವಳು ಯಾರು ಎಂದು. ಅವಳು ಮೊರದಲ್ಲಿ ಜೋಳ ಕೇರುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಾ ಅಂತೂ ಎದ್ದಿದ್ದಿಲ್ಲರಿ ನರ್ಸ್ ಬಾಯಾರ. ಏಳಾಕ ಕಾಲಾಗ ಕಸುವು ಎಲ್ಲಿತ್ತು? ಊರಾಗಿನವರು ಯಾರೂ ಬರಲಿಲ್ಲ. ಅದಕ್ಕ ಯಾರರ ಬರಬೇಕಾತು."

ಅದು ಉತ್ತರವಲ್ಲ. ಆದರೆ ಇಷ್ಟು ವರ್ಷವಾದರೂ ನನಗೆ ಬೇರೆ ಉತ್ತರ ಸಿಕ್ಕಿಲ್ಲ.