ಮಂಚದ ಕೆಳಗೊಂದು ಚಾಪೆ

ಮೊನ್ನೆ ಮುಂಬಯಿಯ ಪಾರ್ಲೆಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಚಾಪೆ ಮಾರುವವನು ಬಂದಿದ್ದ. ಈಗೆಲ್ಲ ಪ್ಲಾಸ್ಟಿಕ್, ಆದರೂ ಅವನ ಗಂಟಿನಲ್ಲಿ ಹುಲ್ಲಿನ ಚಾಪೆಗಳು ಒಂದೆರಡಿದ್ದವು. ಬಿಚ್ಚಿದಾಗ ಬಂದ ಒಣಹುಲ್ಲಿನ ವಾಸನೆಗೆ ನಮ್ಮ ಮೇಡಂ ನೆನಪಾದರು...

ಐವತ್ತರ ದಶಕದ ಮಾತು. ನಾನು ಧಾರವಾಡದಿಂದ ಬಂದು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರಾಗಲು ತರಬೇತಿ ಪಡೆಯುತ್ತಿದ್ದೆ. ಕಲಿಸುತ್ತಿದ್ದ ಮೇಡಂ ಉಡುಪಿ ಕಡೆಯವರು. ವಿದೇಶದಲ್ಲಿ ಕಲಿತು ಆಗಷ್ಟೇ ಮರಳಿದ್ದರು. ಮಾತಾಡಿದರೆ ಮುತ್ತು ಉದುರೀತು ಎನ್ನುವ ಸ್ವಭಾವ, ಆಡಿದರೂ ಇಂಗ್ಲಿಷ್. ಸಂಜೆ ಒಂದೇ ಲೋಕಲ್‌ನಲ್ಲಿ ಮರಳುವಾಗ ಅವರದೊಂದು ಕಿಟಕಿ, ನನ್ನದೊಂದು ಕಿಟಕಿ. ಇಬ್ಬರಿಗೂ ಈ ಊರಿನಲ್ಲಿ ನಮ್ಮವರೆಂಬವರು ಇರಲಿಲ್ಲ. ಹಾಗೆಂದು ನಮ್ಮಲ್ಲಿ ಸಲಿಗೆಯೇನೂ ಬೆಳೆಯಲಿಲ್ಲ.

ವಿದೇಶದ ಪದ್ಧತಿಯಂತೆ ಅವರು ತಾಯಂದಿರನ್ನು ವಾರ್ಡಿನಿಂದ ಹೊರಗಿಟ್ಟರು. ಸೋಂಕು ಹರಡುತ್ತದೆ, ಮಕ್ಕಳು ಹಟ ಮಾಡುತ್ತವೆ ಎಂಬ ಕಾರಣ. ಸಂಜೆ ಸ್ವಲ್ಪ ಹೊತ್ತು ನೋಡಿ ಹೋಗಬಹುದಿತ್ತು, ಅಷ್ಟೇ. ವಾರ್ಡು ಗಪ್‌ಚಿಪ್ ಆಯಿತು. ಅಳದ ಮಗು ಗುಣವಾಗುತ್ತಿರುವ ಮಗು ಎಂದುಕೊಂಡೆವು ನಾವು, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ಆಗಲೇ ಬಂದದ್ದು ವಿಜಾಪುರ ಕಡೆಯ ಮಿಲ್ ಕಾರ್ಮಿಕನ ಮಗಳು, ಮೂರು ವರ್ಷದ ಕೂಸು. ನ್ಯುಮೋನಿಯಾ ಇಳಿಯಿತು. ಕೂಸು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿತು. ಹಾಲು ಬೇಡ, ಗಂಜಿ ಬೇಡ. ಸಂಜೆ ತಾಯಿ ಬಂದರೂ ತಿರುಗಿ ನೋಡದು. ಇನ್ನು ಹೆಚ್ಚು ದಿನ ಬದುಕಲಾರದು ಎಂದು ನಮಗೆಲ್ಲ ಗೊತ್ತಿತ್ತು.

ಗೇಟಿನಲ್ಲಿ ತಾಯಿ ನನ್ನ ಕೈ ಹಿಡಿದಳು. "ನಾ ಬಿಟ್ಟು ಹೋಗತೇನಂತ ಸಿಟ್ರೀ ಅದಕ್ಕ. ಮಂಚದ ಬುಡಕ ಬಿದ್ಕೊಂಡಿರತೇನ್ರಿ ಬಾಯಾರ, ಯಾರಿಗೂ ಅಡ್ಡ ಬರೂದಿಲ್ಲ."

ಬೈಸಿಕೊಳ್ಳಲು ತಯಾರಾಗಿಯೇ ಮೇಡಂಗೆ ಹೇಳಿದೆ. ಅವರು ಮಂಚದ ಹತ್ತಿರ ಹೋಗಿ ಕೂಸಿನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಮೊದಲ ಬಾರಿಗೆ ನನ್ನೊಡನೆ ಕನ್ನಡದಲ್ಲಿ ಮಾತಾಡಿದರು. "ಅಲ್ಲಿ ವಿದೇಶದಲ್ಲಿ ನಾನೂ ಒಮ್ಮೆ ಆಸ್ಪತ್ರೆಯಲ್ಲಿ ಮಲಗಿದ್ದೆ ಮಾರಾಯ್ತಿ. ಔಷಧಿ, ಊಟ ಎಲ್ಲ ಸರಿಯೇ ಇತ್ತು. ಬರುವವರು ಯಾರೂ ಇರ್ಲಿಲ್ಲ. ನಾನೂ ಹೀಗೇ ಗೋಡೆ ನೋಡಿಕೊಂಡಿದ್ದದ್ದು."

ತಾವೇ ಗೇಟಿಗೆ ಹೋಗಿ ತಾಯಿಯನ್ನು ಕರೆತಂದರು. ಮಂಚದ ಕೆಳಗೆ ಚಾಪೆ ಬಿತ್ತು. ಮೊದಲ ದಿನ ಕೂಸು ಅವಳನ್ನು ನಂಬಲಿಲ್ಲ. ಮರುದಿನ ಅವಳ ಕೈಯಿಂದ ಎರಡು ಗುಟುಕು ಗಂಜಿ ಕುಡಿಯಿತು. ನಾನು ಪಡಸಾಲೆಗೆ ಬಂದು ಅತ್ತೆ. ಆಸ್ಪತ್ರೆಯ ಹಿರಿಯರು ಹುಬ್ಬು ಗಂಟಿಕ್ಕಿದರೂ ಮೇಡಂ ಜಗ್ಗಲಿಲ್ಲ. ಆಮೇಲೆ ಎಲ್ಲ ಮಂಚಗಳ ಕೆಳಗೂ ಚಾಪೆಗಳು ಬಂದವು.

ಕೆಲವು ವರ್ಷಗಳಲ್ಲಿ ಮೇಡಂ ಆಫ್ರಿಕಾಕ್ಕೆ ಹೋದರು, ಅಲ್ಲಿಯ ಎಳೆಯ ಡಾಕ್ಟರರಿಗೆ ಕಲಿಸಲು. ಮತ್ತೆ ಬರಲಿಲ್ಲ... ಅವರ ಅಲ್ಲಿಯ ಶಿಷ್ಯನೊಬ್ಬ ಕಳೆದ ವರ್ಷ ಮುಂಬಯಿಗೆ ಬಂದಾಗ ನನ್ನನ್ನು ಹುಡುಕಿಕೊಂಡು ಬಂದಿದ್ದ. ಅಲ್ಲಿಯ ವಾರ್ಡುಗಳಲ್ಲೂ ತಾಯಂದಿರು ಮಕ್ಕಳ ಜೊತೆಗೇ ಇರುತ್ತಾರಂತೆ. ಮೇಡಂ ಅವರ ಕೊನೆಗಾಲದಲ್ಲಿ ಶಿಷ್ಯರು ಸರದಿಯಂತೆ ಪಕ್ಕದಲ್ಲಿ ಕೂತಿದ್ದರಂತೆ. ಆಗ ಅವರು ಇಂಗ್ಲಿಷ್ ಮರೆತು ತಮ್ಮ ಊರಿನ ಮಾತನ್ನೇ ಆಡುತ್ತಿದ್ದರಂತೆ.

ಏನು ಹೇಳುತ್ತಿದ್ದರು ಎಂದು ಕೇಳಿದೆ. ಪಾಪ, ಆ ಭಾಷೆ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅವನಿಗೆ ಒಂದು ಮಾತೂ ನೆನಪಿರಲಿಲ್ಲ.

ಈಗ ಸಂಜೆ ಒಬ್ಬಳೇ ಕೂತಾಗ ಅದೇ ಯೋಚನೆ. ಅಷ್ಟೊಂದು ಜನ ಸುತ್ತ ಕೂತಿದ್ದರು. ಮೇಡಂ ಬರೀ ನೀರು ಕೇಳಿದರೋ ಏನೋ.