ಅತ್ತೆಯ ಮದುವೆ ಪಾತ್ರೆ ಮೈಕ್ರೋವೇವ್ ಹೊಕ್ಕಿದ್ದು

ಇವತ್ತು ಮಧ್ಯಾಹ್ನ ಗುತ್ತಲಿನ ನಮ್ಮ ಅಡುಗೆಮನೆಯಲ್ಲಿ ದೀಪಾವಳಿ ಕಣ್ರಪ್ಪಾ. ಮಳವಳ್ಳಿಯಿಂದ ಬಂದಿರುವ ನಮ್ಮತ್ತೆ ಬಸ್ಸಾರು ಬಿಸಿ ಮಾಡಲು ಸ್ಟೀಲ್ ಪಾತ್ರೆಯನ್ನೇ ಮೈಕ್ರೋವೇವ್ ಒಳಗಿಟ್ಟು ಗುಂಡಿ ಒತ್ತಿಬಿಟ್ಟಿದ್ದರು. ಪಟಪಟ ಕಿಡಿ! ಓಡಿ ಬಂದು ಸ್ವಿಚ್ ಆರಿಸಿದೆ.

“ಅತ್ತೆ, ಇದರೊಳಗೆ ಸ್ಟೀಲ್ ಇಡಬಾರದು!”

“ಎಪ್ಪತ್ತೆರಡ್ರಲ್ಲಿ ನನ್ ಮದ್ವೇಲಿ ಕೊಟ್ಟಿದ್ದು ಕಣಮ್ಮ. ಸೌದೆ ಒಲೆ ಮ್ಯಾಲೇ ಏನೂ ಆಗ್ನಿಲ್ಲ!”

ಸಾರನ್ನು ಮೈಕ್ರೋವೇವ್‌ಗೆ ಆಗುವ ಗಾಜಿನ ಬಟ್ಟಲಿಗೆ ಸುರಿದು, ಮುಚ್ಚಳ ಸಡಿಲವಾಗಿ ಮುಚ್ಚಿ, ನಡುವೆ ಒಮ್ಮೆ ಕಲಕಿ ಬಿಸಿ ಮಾಡಿ ತೋರಿಸಿದೆ. ಅತ್ತೆ ಮುದ್ದೆಯ ಜೊತೆ ಉಂಡು, “ಸಂದಾಕದೆ” ಎಂದರು. ಗೆದ್ದೆ ಎಂದುಕೊಂಡೆ.

ಈಗ ಕಾಂಪೌಂಡಿನ ಬಳಿ ನಿಂತು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಾರೆ: “ನಮ್ ಸೊಸೇದು ಆ ಕರೆಂಟ್ ಡಬ್ಬ ಬಲೇ ಪುಕ್ಲು ಕಣವ್ವ. ಒಂದ್ ಪಾತ್ರೆ ಕಂಡಿದ್ಕೇ ಬೆಂಕಿ ಕಾರ್ಕೊಂಡು ಕಿರುಚ್ಕೊಳ್ತು!”

ಡಬ್ಬ ಕಿರುಚಲಿಲ್ಲ ಸ್ನೇಹಿತರೇ, ಕಿರುಚಿದ್ದು ನಾನು.